ಅಪರೂಪದ ಕೋವಿ ಮಾರೋದಾದ್ರೆ ತೋಟಾನೂ ಜೊತೇಲೇ ಕೊಡಿ

ಮಾನ್ಯ ಸಂಪಾದಕರೇ,

ಮನೆ ಹಿರಿಯರು ತೀರಿಕೊಂಡ್ಮೇಲೆ ಅವರ ಕೋವಿ ಏನ್ ಮಾಡೋದು ಅಂತ ಗೊತ್ತಾಗದೆ ಒದ್ದಾಡೋ ಕುಟುಂಬಗಳು ಎಷ್ಟೋ ಇವೆ, ಅದ್ರಲ್ಲೂ ಈಗ ಸುಲಭಕ್ಕೆ ಸಿಗದ ಕ್ಯಾಲಿಬರ್ (ಅಂದ್ರೆ ನಳಿಕೆ-ತೋಟಾ ಅಳತೆ) ಆದ್ರೆ ತಲೆನೋವು ಡಬಲ್. ಆಗ ಕೋವಿ ಒಬ್ಬರಿಗೆ ಹೋಗುತ್ತೆ, ಅರ್ಧ ಖಾಲಿಯಾದ ತೋಟಾ ಡಬ್ಬಿ ಇನ್ನೊಬ್ಬರಿಗೆ, ಬಿಡಿ ತೋಟಾಗಳು ಬೀರು ಮೂಲೇಲೇ ಉಳ್ಕೊಳ್ತವೆ. ದಯವಿಟ್ಟು ಹಂಗೆ ಮಾಡ್ಬೇಡಿ. ಲೈಸೆನ್ಸ್ ಇರೋ ಒಬ್ಬರಿಗೇ, ಕಾನೂನು ಪ್ರಕಾರ, ಎರಡನ್ನೂ ಒಟ್ಟಿಗೆ ಕೊಡಿ.

ಉದಾಹರಣೆಗೆ, ಇಟಲಿ ಸೈನ್ಯ 1938ರಲ್ಲಿ 7.35 ಎಂಎಂ ಕಾರ್ಕಾನೊ ರೈಫಲ್ ತಂತು, ಯುದ್ಧ ಶುರುವಾದ್ಮೇಲೆ ಎರಡು ಥರದ ತೋಟಾ ಸಪ್ಲೈ ಮಾಡೋಕಾಗದೆ ಹಳೇ 6.5ಕ್ಕೇ ವಾಪಸ್ ಹೋಯ್ತು. ಇಂಥ ರೈಫಲ್ ಕೊಂಡೋರಿಗೆ ಜೊತೇಲಿ ಬರೋ ಒಂದು ಡಬ್ಬಿ ತೋಟಾನೇ ದೊಡ್ಡ ಆಸ್ತಿ, ಹಾರಿಸಿದ ಖಾಲಿ ಹಿತ್ತಾಳೆ ಕೇಸ್ ಕೂಡ ಮತ್ತೆ ತುಂಬಿಕೊಳ್ಳೋರಿಗೆ ಬೇಕಾಗುತ್ತೆ, ಅದನ್ನ ಗುಜರಿಗೆ ಹಾಕ್ಬೇಡಿ. ತೋಟಾನೇ ಇಲ್ದಿದ್ರೆ ಕೊಳ್ಳೋರು ರೇಟ್ ಇಳಿಸೇ ಇಳಿಸ್ತಾರೆ, ಅದು ಸಹಜ.

ಆದ್ರೆ ದುಡ್ಡಿಗಿಂತ ನನಗೆ ಜಾಸ್ತಿ ಭಯ ಇರೋದು ಬೇರ್ಪಟ್ಟ ತೋಟಾ ತಪ್ಪು ಕೋವಿಗೆ ಹೋಗೋದ್ರ ಬಗ್ಗೆ. ಜರ್ಮನ್ 8 ಎಂಎಂ ಮೌಸರ್ ತೋಟಾನೇ ನೋಡಿ, 1888ರ ಹಳೇ ಗುಂಡಿನ ದಪ್ಪ .318 ಇಂಚು, ಆಮೇಲೆ 1905ರ ಹೊತ್ತಿಗೆ ಬಂದ ಹೊಸದು .323. ಕೇಸ್ ನೋಡೋಕೆ ಒಂದೇ ಥರ, ಹಳೇ ಸಣ್ಣ ನಳಿಕೆಯ ಕೋವಿಗೆ ಹೊಸದನ್ನ ಹಾಕಿದ್ರೆ ಒಳಗಿನ ಒತ್ತಡ ಸಿಕ್ಕಾಪಟ್ಟೆ ಏರುತ್ತೆ. ಹಾಗೇ 20 ಬೋರ್ ತೋಟಾ (ಬೋರ್ ನಂಬರ್ ದೊಡ್ಡದಾದಷ್ಟೂ ಗಾತ್ರ ಸಣ್ಣದು) 12 ಬೋರ್ ನಳಿಕೆಗೆ ಜಾರಿ ಮುಂದೆ ಹೋಗಿ ಸಿಕ್ಕೊಳ್ಳುತ್ತೆ, ಹಿಂದಿಂದ ನೋಡಿದ್ರೆ ಖಾಲಿ ಅನ್ಸುತ್ತೆ, ಅದರ ಮೇಲೆ 12ರದ್ದು ಹಾಕಿ ಹೊಡೆದ್ರೆ ನಳಿಕೆ ಸಿಡಿದು ಕೈಬೆರಳೇ ಹೋಗಬಹುದು.

ಅದಕ್ಕೇ ಮಾರೋ ಮುಂಚೆ ನಳಿಕೆ ಮೇಲೆ ಕೆತ್ತಿರೋದನ್ನೂ ತೋಟಾ ಬುಡದಲ್ಲಿರೋ ಅಕ್ಷರಗಳನ್ನೂ ಕನ್ನಡಕ ಹಾಕ್ಕೊಂಡು ಓದಿ ಬರೆದಿಡಿ, ಅನುಮಾನ ಬಂದ್ರೆ ಕೋವಿ ರಿಪೇರಿ ಮಾಡೋ ತಿಳಿದೋರಿಗೆ ತೋರಿಸಿ. ಹಳೇ ಕೋವಿಗಳನ್ನ ಮಾರ್ಪಾಡು ಮಾಡಿರೋದೂ ಉಂಟು, .455 ವೆಬ್ಲಿ ರಿವಾಲ್ವರ್‌ಗಳ ಸಿಲಿಂಡರ್ ತರಿದು .45 ಎಸಿಪಿ ಅನ್ನೋ ಪಿಸ್ತೂಲಿನ ತೋಟಾ ಹಾಕೋ ಹಂಗೆ ಮಾಡಿರ್ತಾರೆ, ಆ ತೋಟಾದ ಒತ್ತಡ ಪಾಪ ಆ ಹಳೇ ಕಬ್ಬಿಣಕ್ಕೆ ಜಾಸ್ತಿ. ಮೇಲೆ ಬರೆದಿರೋ ನಂಬರ್ ಒಂದನ್ನೇ ನಂಬ್ಕೊಂಡು ಮಾರ್ಬೇಡಿ.

ಯಾರೋ ಮನೇಲೇ ಮದ್ದು ಅಳೆದು ತುಂಬಿದ ತೋಟಾ ಇದ್ರೆ ಎಷ್ಟೇ ಚೆನ್ನಾಗಿ ಕಂಡ್ರೂ ಮಾರ್ಬೇಡಿ, ಅದ್ರೊಳಗೆ ಎಷ್ಟು ಮದ್ದಿದೆ ಅಂತ ತುಂಬಿದೋರಿಗೇ ಗೊತ್ತು, ಅವರು ಈಗಿಲ್ಲ. ಹಸಿರುಗಟ್ಟಿದ್ದು, ಕತ್ತು ಬಿರಿದಿದ್ದು, ಹುಳಿ ವಾಸನೆ ಬರೋದು ಇವನ್ನೂ ಪಕ್ಕಕ್ಕಿಡಿ. ಬಾವಿಗೆ ಹಾಕೋದು, ಹೂಳೋದು, ಕಸದ ಜೊತೆ ಸುಡೋದು ಯಾವುದೂ ಬೇಡ, ಪೊಲೀಸ್ ಸ್ಟೇಷನ್‌ಗೆ ಮೊದ್ಲು ಫೋನ್ ಮಾಡಿ ಹೇಗೆ ಒಪ್ಪಿಸ್ಬೇಕು ಅಂತ ಕೇಳಿ, ಕೇಳದೆ ಚೀಲದಲ್ಲಿ ಹೊತ್ಕೊಂಡು ಹೋಗ್ಬೇಡಿ.

ಲೈಸೆನ್ಸ್ ವಾರಸುದಾರರಿಗೆ ವರ್ಗಾವಣೆ ಹೇಗೆ, ಉಳಿದ ತೋಟಾ ಎಲ್ಲಿ ಒಪ್ಪಿಸೋದು ಅಂತ ಅಧಿಕಾರಿಗಳನ್ನೇ ಕೇಳಿ ನಿಮ್ಮ ಪತ್ರಿಕೇಲಿ ಒಂದು ಕಾಲಂ ಹಾಕಿದ್ರೆ ಈ ಕುಟುಂಬಗಳಿಗೆ ನಿಜಕ್ಕೂ ಉಪಕಾರ ಆಗುತ್ತೆ.

ಇತಿ,
ಒಬ್ಬ ಓದುಗ