ಅರ್ಜಿ ಕೊಡಲು ಜಾಗವೇ ಇಲ್ಲದಿದ್ದರೆ?

ಮಾನ್ಯ ಸಂಪಾದಕರೇ,

ಕಾರವಾರದ ಸರಕಾರಿ ಕಚೇರಿಯೊಂದರ ಹೊರಗೆ ಮೇಜು ಹಾಕಿಕೊಂಡು 23 ವರ್ಷದಿಂದ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೇನೆ. ಹೋದ ವಾರ ಎದುರಿನ ಚಹಾ ಅಂಗಡಿಯಲ್ಲಿ ರಿಕ್ಷಾ ಓಡಿಸುವ ಹುಡುಗನೊಬ್ಬ ಹೇಳಿದ: "ಕಾಕಾ, ಈ ದೇಶಕ್ಕೆ ಹತ್ತು ವರ್ಷ ಒಬ್ಬ ಸರ್ವಾಧಿಕಾರಿ ಬೇಕು. ಆಗ ಲಂಚ ತಿನ್ನೋರೆಲ್ಲ ಸರಿ ಆಗ್ತಾರೆ." ಸುತ್ತ ಕೂತವರೆಲ್ಲ ಹೌದು ಹೌದು ಅಂದರು. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಒಂದೇ ಕಾಗದಕ್ಕೆ ಮೂರು ಕಡೆ ಕೈ ಬಿಸಿ ಮಾಡಿ ಬಂದಿದ್ದ. ಆದರೆ ಅವನು ಹೇಳಿದ ಮದ್ದು ಕೇಳಿ ಹೆದರಿಕೆ ಆಯಿತು. ಅವತ್ತು ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಮೀನು ಮಾರುವ ಒಬ್ಬ ಹೆಂಗಸು ನನ್ನ ಹತ್ತಿರ ಬಂದಿದ್ದರು. ಬುಟ್ಟಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಪ್ಲಾಸ್ಟಿಕ್ ಕೊಟ್ಟೆಯಿಂದ ಕಾಗದ ತೆಗೆದರು. ವಿಧವಾ ವೇತನದ ಅರ್ಜಿ ಕೊಟ್ಟು ಏಳು ತಿಂಗಳಾಗಿತ್ತು. ಒಳಗೆ ಒಬ್ಬರು 2,000 ರೂಪಾಯಿ ಕೇಳಿದ್ದರು. "ಅಷ್ಟು ದುಡ್ಡಿದ್ರೆ ಈ ವೇತನ ಯಾಕೆ ಬೇಕಿತ್ತು ತಮ್ಮಾ?" ಅಂದರು. ನಾನು ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಟ್ಟೆ. ನಮ್ಮ ರಾಜ್ಯದಲ್ಲಿ ಅದನ್ನು 150 ಪದದೊಳಗೆ, ಒಂದೇ ವಿಷಯದ ಮೇಲೆ ಬರೆಯಬೇಕು. ನಾನು ಬರೆದದ್ದು ನಾಲ್ಕೇ ಸಾಲು: ನನ್ನ ಅರ್ಜಿ ಈಗ ಯಾರ ಮೇಜಿನ ಮೇಲಿದೆ, ಎಷ್ಟು ದಿನದಿಂದ ಇದೆ, ತಡವಾಗಲು ಕಡತದಲ್ಲಿ ಏನು ಕಾರಣ ಬರೆದಿದ್ದಾರೆ. ಬಿಪಿಎಲ್ ಕಾರ್ಡ್ ಇದ್ದದ್ದರಿಂದ 10 ರೂಪಾಯಿ ಶುಲ್ಕವೂ ಇರಲಿಲ್ಲ. ಉತ್ತರ ಕೊಡಲು ಕಾನೂನಿನಲ್ಲಿ 30 ದಿನ ಇದೆ. ಹತ್ತೊಂಬತ್ತನೇ ದಿನ ವೇತನ ಮಂಜೂರಾಯಿತು. ಆ ಪ್ರಶ್ನೆಗಳಿಗೆ ಮಾತ್ರ ಇವತ್ತಿಗೂ ಉತ್ತರ ಬಂದಿಲ್ಲ.

ಆ ನಾಲ್ಕು ಸಾಲಿಗೆ ಶಕ್ತಿ ಬಂದದ್ದು ಎಲ್ಲಿಂದ? ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು ಅನ್ನುವ ಕಾನೂನಿನಿಂದ. ಸರ್ವಾಧಿಕಾರಿ ಬಂದರೆ ಮೊದಲು ಹೋಗುವುದು ಅದೇ.

ನಮ್ಮ ಮನೆ ಮಾಜಾಳಿ. ಅಪ್ಪನ ಸೋದರತ್ತೆಯನ್ನು ಗಡಿ ಆಚೆ ಕಾಣಕೋಣಕ್ಕೆ ಕೊಟ್ಟಿದ್ದರು. ಆಗ ಗೋವಾವನ್ನು ಆಳುತ್ತಿದ್ದವನು ಲಿಸ್ಬನ್ನಿನಲ್ಲಿ ಕೂತ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರ್. 1932ರಿಂದ 1968ರವರೆಗೆ ಕುರ್ಚಿ ಬಿಡದ ಮನುಷ್ಯ. ಅತ್ತೆಯ ಮನೆಯಲ್ಲಿ ಮದುವೆಯಾದರೆ ಕರೆಯೋಲೆಯನ್ನೂ ಸೆನ್ಸಾರ್‌ನವರಿಗೆ ತೋರಿಸಿಯೇ ಅಚ್ಚು ಹಾಕಿಸಬೇಕಿತ್ತಂತೆ. 1961ರ ನವೆಂಬರಿನಲ್ಲಿ ಕಾರವಾರದ ಹತ್ತಿರದ ಅಂಜುದೀವ ದ್ವೀಪದಿಂದ ಪೋರ್ಚುಗೀಸ್ ಸೈನಿಕರು ಗುಂಡು ಹಾರಿಸಿ ನಮ್ಮ ಕಡೆಯ ಮೀನುಗಾರನೊಬ್ಬನನ್ನು ಕೊಂದರು. ಯಾಕೆ ಕೊಂದಿರಿ ಅಂತ ಯಾವ ಕಚೇರಿಗೆ ಅರ್ಜಿ ಬರೆಯಬೇಕಿತ್ತು? ಅಪ್ಪ ಸಾಯುವವರೆಗೂ ಅದನ್ನೇ ಕೇಳುತ್ತಿದ್ದರು.

ಗಟ್ಟಿ ಕೈ ಇದ್ದರೆ ಲಂಚ ನಿಲ್ಲುತ್ತದೆ ಅನ್ನುವವರು ಇಂಡೋನೇಷ್ಯಾ ನೋಡಬೇಕು. ಅಲ್ಲಿ ಸುಹಾರ್ತೊ ಮೂರು ದಶಕಕ್ಕೂ ಜಾಸ್ತಿ ಆಳಿದ. ಅಲ್ಲಿ ಸಿಗರೇಟಿಗೂ ಲವಂಗ ಬೇಕು, ಹಾಗಾಗಿ ಲವಂಗ ಲಕ್ಷಾಂತರ ಜನರ ಹೊಟ್ಟೆಪಾಡು. 1990ರ ದಶಕದ ಶುರುವಿನಲ್ಲಿ ಅದನ್ನು ಕೊಂಡು ಮಾರುವ ಏಕಸ್ವಾಮ್ಯ ಅವನ ಮಗನ ಕೈಗೆ ಹೋಯಿತು. ಬೆಳೆಗಾರರಿಗೆ ಸಿಗುವ ಬೆಲೆ ಬಿತ್ತು, ಮರ ನೋಡಿಕೊಳ್ಳುವುದನ್ನೇ ಎಷ್ಟೋ ಜನ ಬಿಟ್ಟರು. ಶಿರಸಿ, ಸಿದ್ದಾಪುರದ ಕಡೆಯ ಅಡಿಕೆ ಬೆಳೆಗಾರರು ಒಂದು ನಿಮಿಷ ಯೋಚಿಸಿ. ನಿಮ್ಮ ಸೊಸೈಟಿ ಇಲ್ಲ, ಟೆಂಡರ್ ಇಲ್ಲ, ಅಡಿಕೆ ಕೊಳ್ಳುವವನು ದೇಶಕ್ಕೆಲ್ಲ ಒಬ್ಬನೇ, ಅವನು ಅಧ್ಯಕ್ಷರ ಮಗ. ಯಾರ ಹತ್ತಿರ ಜಗಳ ಆಡುತ್ತೀರಿ? ಆ ಕುಟುಂಬ ನುಂಗಿದ್ದು 1,500 ಕೋಟಿಯಿಂದ 3,500 ಕೋಟಿ ಡಾಲರ್ ಅಂತ ಭ್ರಷ್ಟಾಚಾರದ ಮೇಲೆ ಕಣ್ಣಿಡುವ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆ 2004ರಲ್ಲಿ ಅಂದಾಜು ಕೊಟ್ಟಿತು. 1998ರಲ್ಲಿ ಅಲ್ಲಿಯ ನಾಣ್ಯ ರೂಪಿಯಾ ಕುಸಿದು ಅಕ್ಕಿ ಎಣ್ಣೆ ಕೈಗೆಟುಕದೆ ಹೋದದ್ದು ಬಡವರಿಗೆ.

ನಮ್ಮಲ್ಲಿ ಲೂಟಿ ಏನು ಕಡಿಮೆ ಆಗಿದೆ ಅಂತ ಆ ಹುಡುಗ ಕೇಳಬಹುದು. ಹೌದು, ಬಳ್ಳಾರಿ ಕಡೆಯಿಂದ ಅರಬೈಲ್ ಘಟ್ಟ ಇಳಿದು ಬರುತ್ತಿದ್ದ ಕಬ್ಬಿಣದ ಅದಿರು ಲಾರಿಗಳ ಕೆಂಪು ಧೂಳು ಅಂಕೋಲೆಯವರು ಮರೆತಿಲ್ಲ. ಮುಟ್ಟುಗೋಲು ಹಾಕಿದ್ದ ಅದಿರೇ 2010ರಲ್ಲಿ ಬೇಲೆಕೇರಿ ಬಂದರಿನಿಂದ ಹಡಗು ಹತ್ತಿತು. ಆದರೆ ಅದು ನಮಗೆ ಗೊತ್ತಾದದ್ದು ಹೇಗೆ? ಅರಣ್ಯ ಅಧಿಕಾರಿಗಳು ಹಿಡಿದರು, ಪತ್ರಿಕೆಗಳು ಬರೆದವು, 2011ರ ಜುಲೈನಲ್ಲಿ ಲೋಕಾಯುಕ್ತರು ವರದಿ ಕೊಟ್ಟರು. ಮುಖ್ಯಮಂತ್ರಿಯೇ ಕುರ್ಚಿ ಬಿಡಬೇಕಾಯಿತು. ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಸುಹಾರ್ತೊ ಕಾಲದಲ್ಲಿ ಅವನ ಮಗನ ಲವಂಗದ ವ್ಯವಹಾರಕ್ಕೆ ಇಂಥದ್ದು ನಡೆಯುತ್ತಿತ್ತಾ?

ಕೊನೆಗೆ ಒಂದು ವಿನಂತಿ. ಯಾವ ಕೆಲಸ ಎಷ್ಟು ದಿನದಲ್ಲಿ ಆಗಬೇಕು ಅನ್ನುವ 'ಸಕಾಲ' ಬೋರ್ಡು ನಾನು ಕೂರುವ ಕಚೇರಿಯಲ್ಲೂ ಇದೆ. ಅದರ ಮುಂದೆ ಕಡತದ ಕಪಾಟು ತಂದು ನಿಲ್ಲಿಸಿದ್ದಾರೆ. ಮೇಲಿನ ಎರಡು ಸಾಲು ಮಾತ್ರ ಕಾಣುತ್ತದೆ. ಜಿಲ್ಲೆಯ ಅಧಿಕಾರಿಗಳು ಆ ಕಪಾಟನ್ನು ಸ್ವಲ್ಪ ಪಕ್ಕಕ್ಕೆ ಸರಿಸಲು ಹೇಳಲಿ. ಆ ಹುಡುಗನನ್ನು ಕರೆದುಕೊಂಡು ಹೋಗಿ ನಾನೇ ಓದಿ ಹೇಳುತ್ತೇನೆ.

— ಒಬ್ಬ ಅರ್ಜಿ ಬರಹಗಾರ, ಕಾರವಾರ