ಬೆಚ್ಚಗಿರುವ ರೂಮಿನ ಬಗ್ಗೆ, ದೊಡ್ಡಪ್ಪನಿಂದ

ತಮಾ,

ಲೇಹ್‌ನಲ್ಲಿ ಟವರ್ ರಿಪೇರಿ ಕೆಲಸ ಶುರುವಾಯಿತು, ರೂಮು ಚಿಕ್ಕದು ಆದರೆ ಬೆಚ್ಚಗಿದೆ ಅಂತ ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅದನ್ನು ಕೇಳಿದಾಗಿನಿಂದ ನನಗೆ ನಿದ್ದೆ ಇಲ್ಲ. ಒಳಗೆ ಏನು ಉರಿಸುತ್ತೀರಿ? ಇದ್ದಿಲೋ, ಸೀಮೆಎಣ್ಣೆಯೋ?

ಇಲ್ಲಿ ಶಿರಸಿ ಮನೆಯಲ್ಲಿ ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಡುತ್ತಿದ್ದರು. ಹಂಚಿನ ಸಂದಿಯಲ್ಲೆಲ್ಲ ಗಾಳಿ ಆಡುವ ಮನೆ, ಆದರೂ ನಿನ್ನ ಅಜ್ಜಿ ಕಿಟಕಿ ಪೂರ್ತಿ ಮುಚ್ಚಲು ಬಿಡುತ್ತಿರಲಿಲ್ಲ. ಒಂದು ಮಳೆಗಾಲ ನಾನು ಚಳಿಯೆಂದು ಅಟ್ಟದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು, ಬಾಗಿಲು ಕಿಟಕಿ ಹಾಕಿ ಮಲಗಿದ್ದೆ. ತಲೆ ಸಿಡಿಯುವಷ್ಟು ನೋವು. ಏಳಲು ಹೋದರೆ ಕಾಲಲ್ಲಿ ಶಕ್ತಿಯೇ ಇಲ್ಲ. ಆಯಿ ಬಂದು ಬಾಗಿಲು ತೆಗೆದದ್ದಕ್ಕೆ ಬದುಕಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬಂದು ತುಂಬಿಕೊಳ್ಳುವ ವಿಷದ ಗಾಳಿ ಅದು, ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ, ಹೊಸಬರಿಗೆ ಆ ಎತ್ತರಕ್ಕೇ ತಲೆ ನೋಯುತ್ತದೆ, ಹಾಗಾಗಿ ಇದೂ ಅದೇ ಇರಬೇಕು ಅಂತ ಮಗ್ಗುಲು ಬದಲಿಸಿ ಮಲಗಿಬಿಡುವುದು ಸುಲಭ. ನೀನು ಮಲಗಬೇಡ. ಒಲೆ ಉರಿಯುವ ರೂಮಿನಲ್ಲಿ ತಲೆ ನೋವು ಬಂತೋ, ಎಲ್ಲರನ್ನೂ ಎಬ್ಬಿಸಿಕೊಂಡು ಹೊರಗೆ ಬಾ. ಮಲಗುವ ಮೊದಲು ಬೆಂಕಿ ಆರಿರಲಿ, ಇನ್ನೊಂದು ರಜಾಯಿ ಹೊದೆಯಿರಿ.

ಹೊರಗಿನ ಕೆಲಸಕ್ಕೆ ಹತ್ತಿ ಬನಿಯನ್ ಬೇಡ. ಬೆವರಿಗೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈ ತಣ್ಣಗಾಗುತ್ತದೆ. ಒಳಗೆ ಉಣ್ಣೆಯದು ಹಾಕು, ಹತ್ತುವಾಗ ಬೆವರುವ ಮೊದಲೇ ಜಾಕೆಟ್ ಸಡಿಲಿಸು. ಕಬ್ಬಿಣವನ್ನು ಬರಿಗೈಲಿ ಮುಟ್ಟಬೇಡ. ನೋಯುತ್ತಿದ್ದ ಬೆರಳು ಮರಗಟ್ಟಿ ಬೆಳ್ಳಗಾದರೆ ಅದು ವಾಸಿಯಾದದ್ದಲ್ಲ, ಕೂಡಲೇ ಇಳಿ. ಉಜ್ಜಬೇಡ, ಬೆಂಕಿಗೂ ಹಿಡಿಯಬೇಡ, ಬೆಚ್ಚಗಿನ ನೀರಲ್ಲಿ ಇಟ್ಟು ಡಾಕ್ಟರಿಗೆ ತೋರಿಸು. ಜೊತೆಗಿರುವವನು ಮಾತು ತೊದಲಿದರೆ, ಸುಮ್ಮನೆ ಎಡವಿದರೆ, ನಡುಗುತ್ತಿದ್ದವನು ನಡುಗುವುದನ್ನೇ ನಿಲ್ಲಿಸಿದರೆ ಅವನನ್ನು ಒಬ್ಬನೇ ಬಿಡಬೇಡ, ಒಳಗೆ ಕರೆತಂದು ಒದ್ದೆ ಬಟ್ಟೆ ಬಿಚ್ಚಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕುಡಿದರೆ ಬೆಚ್ಚಗಾಗುತ್ತದೆ ಅನ್ನುವವರ ಮಾತು ಕೇಳಬೇಡ, ಚರ್ಮಕ್ಕೆ ಬಿಸಿ ಅನಿಸುತ್ತದೆ ಅಷ್ಟೇ, ಒಳಗಿನ ಶಾಖ ಹೊರಗೆ ಹೋಗುತ್ತದೆ.

ಕಷಾಯದ ಪುಡಿ, ಬೆಲ್ಲ, ಉಣ್ಣೆಯ ಕಾಲುಚೀಲ ಪಾರ್ಸೆಲ್ ಮಾಡಿದ್ದೇನೆ. ಬೂಟು ಬಿಗಿಯಾಗುವಷ್ಟು ಎರಡೆರಡು ಜೊತೆ ಹಾಕಬೇಡ, ರಕ್ತ ಓಡುವುದಿಲ್ಲ. ಇವತ್ತು ರಾತ್ರಿ ಆ ಒಲೆಯದ್ದೂ ಕಿಟಕಿಯದ್ದೂ ಫೋಟೋ ತೆಗೆದು ಕಳಿಸು, ನಾನು ಎಚ್ಚರವಾಗಿಯೇ ಇರುತ್ತೇನೆ.

ನಿನ್ನ ದೊಡ್ಡಪ್ಪ