ಪುಟ್ಟಿಯ ನರ್ಸರಿ ಬದಲಿಸಿದ್ದರ ಕುರಿತು ಅತ್ತೆ ಮಾವನವರಿಗೆ ಪತ್ರ

ಲೆಸ್ಟರ್, ಇಂಗ್ಲೆಂಡ್
ಫೆಬ್ರವರಿ 2026

ತೀರ್ಥರೂಪ ಸಮಾನರಾದ ಮಾವನವರಿಗೂ ಮಾತೃ ಸಮಾನರಾದ ಅತ್ತೆಯವರಿಗೂ ನಿಮ್ಮ ಸೊಸೆ ಮಾಡುವ ನಮಸ್ಕಾರಗಳು.

ನಾವು ಮೂವರೂ ಇಲ್ಲಿ ಕ್ಷೇಮವಾಗಿದ್ದೇವೆ. ಮಾವನವರ ಮಂಡಿನೋವು ಕಡಿಮೆಯಾಗಿದೆ ಎಂದು ಕೇಳಿ ಸಮಾಧಾನವಾಯಿತು.

ಪುಟ್ಟಿಯನ್ನು ಹಳೆಯ ನರ್ಸರಿಯಿಂದ ಬಿಡಿಸಿ ಬೇರೆ ಕಡೆ ಸೇರಿಸಿದ ವಿಷಯವನ್ನು ಇವರು ಫೋನಿನಲ್ಲಿ ತಿಳಿಸಿದಾಗ ನಿಮ್ಮಿಬ್ಬರಿಗೂ ಬೇಸರವಾಯಿತೆಂದು ಗೊತ್ತಾಯಿತು. ಹೊಂದಿಕೊಂಡ ಮಗುವನ್ನು ವರ್ಷದ ನಡುವೆ ಏಕೆ ಬಿಡಿಸಿದಿರಿ ಎಂದು ಅತ್ತೆಯವರು ಕೇಳಿದರಂತೆ. ಬೀಳದೆ ಏಳದೆ ಯಾವ ಮಗು ಬೆಳೆದಿದೆ ಎಂದು ಮಾವನವರು ಕೇಳಿದರಂತೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ವಿಡಿಯೋ ಕರೆಯ ಗಲಾಟೆಯಲ್ಲಿ, ಅದರಲ್ಲೂ ಪುಟ್ಟಿಯ ಎದುರಿನಲ್ಲಿ, ಇದನ್ನೆಲ್ಲ ಬಿಡಿಸಿ ಹೇಳುವುದು ನನಗೆ ಇಷ್ಟವಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಡಿಸೆಂಬರ್ ತಿಂಗಳ ಒಂದು ಸಂಜೆ ಪುಟ್ಟಿಯನ್ನು ಮನೆಗೆ ಕರೆತಂದು ತಲೆ ಬಾಚಲು ಕೂರಿಸಿಕೊಂಡಾಗ, ಎಡಗಿವಿಯ ಮೇಲ್ಭಾಗದಲ್ಲಿ ಕೂದಲಿನ ಒಳಗೆ ಊದಿಕೊಂಡಿದ್ದ ಗಂಟು ಬಾಚಣಿಗೆಗೆ ತಗುಲಿ ಅವಳು ಚೀರಿದಳು. ಕೂದಲು ಬಿಡಿಸಿ ನೋಡಿದರೆ ಸುತ್ತಲೂ ಕಂದುಗಟ್ಟಿತ್ತು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ 111 ಸಂಖ್ಯೆಗೆ ಕರೆ ಮಾಡಿದೆವು. ಎಷ್ಟು ಹೊತ್ತಿಗೆ ಪೆಟ್ಟಾಯಿತು, ಎಷ್ಟು ಎತ್ತರದಿಂದ ಬಿದ್ದಳು, ಬಿದ್ದ ಕೂಡಲೇ ಅತ್ತಳೇ, ಪ್ರಜ್ಞೆ ತಪ್ಪಿತ್ತೇ, ಆಮೇಲೆ ವಾಂತಿಯಾಯಿತೇ ಎಂದು ಅವರು ಒಂದೊಂದಾಗಿ ಕೇಳುತ್ತ ಹೋದರು. ನಮ್ಮ ಬಳಿ ಒಂದಕ್ಕೂ ಉತ್ತರವಿರಲಿಲ್ಲ. ರಾತ್ರಿಯಿಡೀ ಮಂಪರು, ವಾಂತಿಗಳ ಮೇಲೆ ಕಣ್ಣಿಡಿ, ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ ಎಂದರು. ದೇವರ ದಯೆಯಿಂದ ಏನೂ ಆಗಲಿಲ್ಲ. ಮಾವನವರೇ, ಬಿದ್ದದ್ದಕ್ಕೆ ನಾನು ಯಾರನ್ನೂ ದೂರುತ್ತಿಲ್ಲ. ಮಗು ಬಿದ್ದ ಗಳಿಗೆಯಲ್ಲಿ ನೋಡಿದವರು ಯಾರೂ ಇರಲಿಲ್ಲವಲ್ಲ, ನೋಡಿದ್ದರೆ ನಮಗೆ ಹೇಳಲಿಲ್ಲವಲ್ಲ, ಅದೊಂದನ್ನು ನಾನು ನುಂಗಿಕೊಳ್ಳಲಾರೆ.

ಏಕೆಂದರೆ ಇದು ಸೌಜನ್ಯದ ಮಾತಲ್ಲ, ಕಾನೂನು. ಇಂಗ್ಲೆಂಡಿನ ಪ್ರತಿಯೊಂದು ನರ್ಸರಿಯೂ ಐದು ವರ್ಷದೊಳಗಿನ ಮಕ್ಕಳಿಗಾಗಿ ಸರ್ಕಾರ ಹೊರಡಿಸಿರುವ ನಿಯಮಾವಳಿಯನ್ನು ಪಾಲಿಸಲೇಬೇಕು. ಮಗುವಿಗೆ ಪೆಟ್ಟಾದರೆ, ಪ್ರಥಮ ಚಿಕಿತ್ಸೆ ಮಾಡಿದ್ದರೆ, ಅದನ್ನು ಬರೆದಿಟ್ಟು ಅದೇ ದಿನ ಅಥವಾ ಸಾಧ್ಯವಾದಷ್ಟು ಬೇಗ ಹೆತ್ತವರಿಗೆ ತಿಳಿಸಬೇಕೆಂಬುದು ಅದರಲ್ಲಿ ಸ್ಪಷ್ಟವಾಗಿದೆ. ಮರುದಿನ ಬೆಳಗ್ಗೆ ಕೇಳಿದಾಗ ಪುಸ್ತಕದಲ್ಲಿ ಏನೂ ಬರೆದಿರಲಿಲ್ಲ. ಮನೆಯಲ್ಲೇ ಆಗಿರಬಹುದು ಎಂದರು.

ಆಮೇಲೆ ನಾವು ಸ್ವಲ್ಪ ಬೇಗ ಹೋಗಿ ನಿಂತು ಗಮನಿಸತೊಡಗಿದೆವು. ಎರಡು ವರ್ಷದ ಮಕ್ಕಳಿಗೆ ಇಲ್ಲಿ ಐದಕ್ಕೊಬ್ಬರಂತೆ ನೋಡಿಕೊಳ್ಳುವವರು ಇರಬೇಕು. 2023ರ ಸೆಪ್ಟೆಂಬರ್‌ಗೆ ಮೊದಲು ನಾಲ್ಕಕ್ಕೊಬ್ಬರು ಎಂದಿತ್ತು, ಅದನ್ನು ಸಡಿಲಿಸಿದರು. ಕಾಗದದ ಮೇಲೆ ಆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಪುಟ್ಟಿಯ ಜವಾಬ್ದಾರಿ ಹೊತ್ತಿದ್ದ ಹುಡುಗಿ ಕೆಲಸ ಬಿಟ್ಟಿದ್ದಳು, ಅವಳ ಜಾಗಕ್ಕೆ ಏಜೆನ್ಸಿಯಿಂದ ದಿನಕ್ಕೊಬ್ಬರು ಬರುತ್ತಿದ್ದರು, ಅವರಿಗೆ ಮಕ್ಕಳ ಹೆಸರು ಕೂಡ ಗೊತ್ತಿರುತ್ತಿರಲಿಲ್ಲ. ಪ್ರತಿ ಮಗುವಿಗೂ ಅದನ್ನು ಚೆನ್ನಾಗಿ ಬಲ್ಲ ಒಬ್ಬರನ್ನು ಗೊತ್ತು ಮಾಡಬೇಕೆಂಬುದೂ ಅದೇ ನಿಯಮಾವಳಿಯಲ್ಲಿದೆ. ಪುಟ್ಟಿಗೆ ಈಗ ಯಾರು ಎಂದು ಕೇಳಿದರೆ ಅಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಆ ಹುಡುಗಿಯರ ಮೇಲೆ ನನಗೆ ಕೋಪವಿಲ್ಲ. ಕನಿಷ್ಠ ವೇತನದ ಆಸುಪಾಸಿನ ಸಂಬಳಕ್ಕೆ ದಿನವಿಡೀ ಹತ್ತಾರು ಮಕ್ಕಳ ಮೂಗು ಒರೆಸಿ ಚಡ್ಡಿ ಬದಲಿಸುವವರು, ಪಕ್ಕದ ಸೂಪರ್‌ಮಾರ್ಕೆಟ್ಟಿನಲ್ಲಿ ಅಷ್ಟೇ ಸಂಬಳ ಸಿಗುವಾಗ ಅಲ್ಲಿಗೆ ಹೋದರೆ ತಪ್ಪೆನ್ನುವುದು ಹೇಗೆ? ಅಂಗನವಾಡಿಯ ಗೌರವಧನದಲ್ಲಿ ವರ್ಷಗಟ್ಟಲೆ ದುಡಿದ ಅತ್ತೆಯವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಒಂದು ಮಧ್ಯಾಹ್ನ ನಾನು ಹೋದಾಗ ಮಕ್ಕಳು ಹಣ್ಣು ತಿನ್ನುತ್ತಿದ್ದರು. ತಟ್ಟೆಗಳಲ್ಲಿ ಇಡೀ ದ್ರಾಕ್ಷಿ. ಕೋಣೆಯಲ್ಲಿದ್ದವಳು ಮಕ್ಕಳಿಗೆ ಬೆನ್ನು ಹಾಕಿ ಸಿಂಕಿನಲ್ಲಿ ಲೋಟ ತೊಳೆಯುತ್ತಿದ್ದಳು, ಇನ್ನೊಬ್ಬಳು ಬಾಗಿಲಾಚೆ ಫೋನಿನಲ್ಲಿದ್ದಳು. ಇಡೀ ದ್ರಾಕ್ಷಿ ಪುಟ್ಟ ಮಕ್ಕಳ ಗಂಟಲಿಗೆ ಬಿರಡೆಯಂತೆ ಕೂತುಬಿಡುತ್ತದೆ. ಅದಕ್ಕೇ ಉದ್ದುದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಬೇಕೆಂದು ಇಲ್ಲಿ ಎಲ್ಲ ತಾಯಂದಿರಿಗೂ ಹೇಳಿಕೊಡುತ್ತಾರೆ. ಉಸಿರು ಕಟ್ಟಿದ ಮಗು ಕೂಗುವುದಿಲ್ಲ, ಕೆಮ್ಮುವುದೂ ಇಲ್ಲ. ಕಣ್ಣಿಟ್ಟು ನೋಡುತ್ತಿರುವವರಿಗೆ ಮಾತ್ರ ತಿಳಿಯುತ್ತದೆ. 2025ರ ಸೆಪ್ಟೆಂಬರ್‌ನಿಂದ ಮಕ್ಕಳು ತಿನ್ನುವ ಹೊತ್ತಿನ ನಿಯಮವನ್ನು ಇನ್ನೂ ಬಿಗಿ ಮಾಡಿದ್ದಾರೆ: ತಿನ್ನುವ ಮಕ್ಕಳು ಸಿಬ್ಬಂದಿಯ ಕಣ್ಣಿಗೆ ಬೀಳುವಂತೆ, ಕಿವಿಗೆ ಕೇಳುವಂತೆ ಇರಬೇಕು, ಮಕ್ಕಳ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರವಿರುವ ಒಬ್ಬರಾದರೂ ಅದೇ ಕೋಣೆಯಲ್ಲಿರಬೇಕು. ಆ ಮಧ್ಯಾಹ್ನ ಪುಟ್ಟಿ ಕೆನ್ನೆಯೊಳಗೆ ಎರಡು ದ್ರಾಕ್ಷಿ ಇಟ್ಟುಕೊಂಡೇ ನನ್ನ ಕಡೆ ಓಡಿ ಬಂದಳು. ನಾನು ಅವಳ ಬಾಯಿಗೆ ಬೆರಳು ಹಾಕಿ ತೆಗೆದೆ.

ಗೇಟಿನ ಸಂಗತಿಯನ್ನೂ ಹೇಳಬೇಕು. ಆಟದ ಅಂಗಳದ ಗೇಟಿಗೆ ಮಕ್ಕಳ ಕೈಗೆಟುಕದಷ್ಟು ಮೇಲೆ ಒಂದು ಚಿಲಕವಿತ್ತು. ಅದು ತುಕ್ಕು ಹಿಡಿದು ಕೂರುತ್ತಿರಲಿಲ್ಲವಾದ್ದರಿಂದ ಸಾಮಾನು ಕಟ್ಟುವ ಎಲಾಸ್ಟಿಕ್ ಹಗ್ಗವೊಂದನ್ನು ಸುತ್ತಿದ್ದರು, ಆಚೆ ಕಾರುಗಳು ಹೋಗುವ ರಸ್ತೆ. ಮೊದಲು ಹೇಳಿದಾಗ ಸರಿಮಾಡಿಸುತ್ತೇವೆ ಎಂದರು. ಕ್ರಿಸ್‌ಮಸ್ ರಜೆ ಮುಗಿದು ಬಂದಾಗಲೂ ಅದೇ ಹಗ್ಗ. ಅತ್ತೆಯವರ ಅಂಗನವಾಡಿಯ ಹಿಂದೆ ನಾಲೆ ಹರಿಯುತ್ತಿತ್ತೆಂದೂ, ಆ ಕಡೆಯ ಬಾಗಿಲಿಗೆ ಸಹಾಯಕಿಯನ್ನು ಕೂರಿಸದೆ, ತಲೆ ಎಣಿಸದೆ ನೀವು ಊಟಕ್ಕೆ ಕೈ ಹಾಕುತ್ತಿರಲಿಲ್ಲವೆಂದೂ ಇವರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ಟಿ. ನರಸೀಪುರಕ್ಕೇ. ಆ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಸೋರುವ ಹೆಂಚಿನ ಒಂದೇ ಕೋಣೆಯಲ್ಲಿ ನೀವು ಮಾಡಿದ್ದನ್ನು, ಇಷ್ಟು ದುಡ್ಡು ತೆಗೆದುಕೊಳ್ಳುವ ಈ ಊರಿನ ನರ್ಸರಿಯಿಂದ ನಾನು ಕೇಳಿದರೆ ಅದು ಅತಿಯಾಸೆಯೆಂದು ನಿಮಗೆ ಅನ್ನಿಸಲಾರದು.

ನಾವು ಪರದೇಶದವರೆಂದು ಹೀಗೆ ಮಾಡಿದರೇ ಎಂದು ಮಾವನವರು ಕೇಳಿದಿರಿ. ಇಲ್ಲ. ಎಲ್ಲರ ಮಕ್ಕಳಿಗೂ ಅದೇ ಅಲಕ್ಷ್ಯ. ಪೋಲೆಂಡಿನ ಒಬ್ಬ ತಾಯಿ, ಇಲ್ಲಿಯವರೇ ಆದ ಇನ್ನೊಬ್ಬರು, ನಮಗಿಂತ ಮೊದಲೇ ಮಕ್ಕಳನ್ನು ಬಿಡಿಸಿದ್ದರು. ಬಾಗಿಲಿನ ಬಳಿ ಆಫ್‌ಸ್ಟೆಡ್ ಎಂಬ ಸರ್ಕಾರಿ ತಪಾಸಣಾ ಸಂಸ್ಥೆ ಕೊಟ್ಟ ‘ಉತ್ತಮ’ ಎಂಬ ದರ್ಜೆಯ ಫಲಕ ತೂಗುತ್ತಿದ್ದುದು ನಿಜ, ಆದರೆ ಅದು ಹಿಂದಿನ ಮೇಲ್ವಿಚಾರಕಿಯ ಕಾಲದ್ದು. ತಪಾಸಣೆಗಳ ನಡುವೆ ವರ್ಷಗಳೇ ಕಳೆಯುತ್ತವೆ, ಅಷ್ಟರಲ್ಲಿ ಜನ ಬದಲಾಗಿರುತ್ತಾರೆ. 2025ರ ನವೆಂಬರ್‌ನಿಂದ ಆ ಒಂದೇ ಪದದ ದರ್ಜೆಯ ಬದಲು ವಿಷಯವಾರು ವರದಿ ಕೊಡುತ್ತಿದ್ದಾರೆ, ಮಕ್ಕಳ ರಕ್ಷಣೆಯ ವಿಷಯದಲ್ಲಿ ನಿಯಮ ಪಾಲನೆಯಾಗಿದೆಯೋ ಇಲ್ಲವೋ ಎಂಬುದನ್ನು ಪ್ರತ್ಯೇಕವಾಗಿ ಹೇಳುತ್ತಾರೆ. ಒಳ್ಳೆಯ ಬದಲಾವಣೆ ಎಂದು ನನಗೆ ಅನ್ನಿಸುತ್ತದೆ.

ಮೇಲ್ವಿಚಾರಕಿಯ ಜೊತೆ ಮಾತನಾಡಿದೆವು. ನಗುಮುಖದಿಂದಲೇ ಕೇಳಿಸಿಕೊಂಡರು, ಇನ್ನು ಮುಂದೆ ಹೀಗಾಗುವುದಿಲ್ಲ ಎಂದರು, ಬರೆದು ಕೊಡಿ ಎಂದಾಗ ಮಾತು ಬದಲಿಸಿದರು. ಆ ದಿನವೇ ನಾವಿಬ್ಬರೂ ನಿರ್ಧರಿಸಿದೆವು. ಲಿಖಿತವಾಗಿ ದೂರು ಕೊಟ್ಟರೆ ವಿಚಾರಿಸಿ 28 ದಿನಗಳೊಳಗೆ ಫಲಿತಾಂಶ ತಿಳಿಸಬೇಕೆಂಬ ನಿಯಮವಿರುವುದರಿಂದ ಗಾಯ, ದ್ರಾಕ್ಷಿ, ಗೇಟು ಮೂರನ್ನೂ ಬರೆದು ಕೊಟ್ಟಿದ್ದೇವೆ, ಆಫ್‌ಸ್ಟೆಡ್‌ಗೂ ತಿಳಿಸಿದ್ದೇವೆ. ನಮ್ಮ ಮಗುವನ್ನು ಕರೆದುಕೊಂಡು ಬಂದೆವೆಂದು ಅಲ್ಲಿ ಉಳಿದಿರುವ ಮಕ್ಕಳನ್ನು ಮರೆಯಲಾಗುವುದಿಲ್ಲವಲ್ಲ.

ಹೊಸ ನರ್ಸರಿ ಒಂದು ಚರ್ಚಿನ ಹಿಂಭಾಗದ ಹಳೆಯ ಸಭಾಂಗಣದಲ್ಲಿದೆ. ಆಟಿಕೆಗಳು ಹಳೆಯವು, ಗೋಡೆಯ ಬಣ್ಣವೂ ಮಾಸಿದೆ. ನೋಡಲು ಹಳೆಯದೇ ಚೆಂದವಿತ್ತು. ನಾವು ಹೋದಾಗ ಅಲ್ಲಿನ ಮುಖ್ಯಸ್ಥೆ ಮೊದಲು ನಮ್ಮ ಗುರುತಿನ ಚೀಟಿ ನೋಡಿ, ಬಂದ ಸಮಯವನ್ನು ಪುಸ್ತಕದಲ್ಲಿ ಬರೆಸಿಕೊಂಡು, ಫೋನುಗಳನ್ನು ಒಂದು ಪೆಟ್ಟಿಗೆಯಲ್ಲಿ ಇಡಿಸಿ ಆಮೇಲೆ ಒಳಗೆ ಬಿಟ್ಟರು. ಅಂಗಳಕ್ಕೆ ಹೋಗುವಾಗ ಒಬ್ಬರು ಬಾಗಿಲಲ್ಲಿ ನಿಂತು ಮಕ್ಕಳನ್ನು ಎಣಿಸಿದರು, ಒಳಗೆ ಬರುವಾಗ ಮತ್ತೆ ಎಣಿಸಿ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿದರು, ಒಳಗಿದ್ದವರು ಅದನ್ನು ಹಲಗೆಯ ಮೇಲೆ ಬರೆದರು. ಪುಟ್ಟಿಯನ್ನು ಕರೆದೊಯ್ಯಲು ನಾವಿಬ್ಬರಲ್ಲದೆ ಬೇರೆ ಯಾರೇ ಬಂದರೂ ನಾವು ಕೊಟ್ಟಿರುವ ಗುಟ್ಟಿನ ಪದ ಹೇಳಬೇಕು. ಯಾವ ಆಹಾರ ಒಗ್ಗುವುದಿಲ್ಲ, ಬಾಯಾರಿದಾಗ, ನೋವಾದಾಗ ಏನೆನ್ನುತ್ತಾಳೆ ಎಂದೆಲ್ಲ ಕೇಳಿ ಬರೆದುಕೊಂಡರು. ಎರಡನೆಯ ವಾರ ಮೊಣಕೈ ತರಚಿದಾಗ ನಾನು ಆಫೀಸಿನಲ್ಲಿರುವಾಗಲೇ ಫೋನ್ ಬಂತು. ಸಂಜೆ ಸಮಯ, ಜಾಗ, ಮಾಡಿದ ಚಿಕಿತ್ಸೆ, ನೋಡಿದವರ ಹೆಸರು ಎಲ್ಲ ಇದ್ದ ಚೀಟಿಗೆ ನನ್ನ ಸಹಿ ಪಡೆದರು. ಒಂದು ಸಣ್ಣ ತರಚು ಗಾಯಕ್ಕೆ ಅಷ್ಟು ಬರೆದಿದ್ದ ಆ ಚೀಟಿ ನೋಡಿ ನನಗೆ ಕಣ್ಣು ತುಂಬಿ ಬಂತು.

ಖರ್ಚಿನ ಬಗ್ಗೆ ನೀವು ಚಿಂತಿಸುವುದು ಬೇಡ. ಹಳೆಯ ಕಡೆ ಒಂದು ತಿಂಗಳ ನೋಟಿಸಿನ ಹಣ ಹೋಯಿತು, ಹೊಸದು ಸ್ವಲ್ಪ ದುಬಾರಿ, ದೂರವೂ ಹೌದು. ನಮ್ಮ ವೀಸಾದಲ್ಲಿ ಸರ್ಕಾರದ ವಾರಕ್ಕೆ 30 ಗಂಟೆಗಳ ಉಚಿತ ನರ್ಸರಿ ಸೌಲಭ್ಯ ಸಿಗುವುದಿಲ್ಲ. ಆದರೆ ಯುಗಾದಿಯ ಹೊತ್ತಿಗೆ ಪುಟ್ಟಿಗೆ ಮೂರು ತುಂಬುವುದರಿಂದ, ಮೂರು ದಾಟಿದ ಎಲ್ಲ ಮಕ್ಕಳಿಗೂ ವರ್ಷದಲ್ಲಿ 38 ವಾರ, ವಾರಕ್ಕೆ 15 ಗಂಟೆ ಸಿಗುವ ಉಚಿತ ಅವಧಿ ಏಪ್ರಿಲ್‌ನಿಂದ ಅವಳಿಗೂ ಸಿಗುತ್ತದೆ. ಇವರು ಬೆಳಗಿನ ಕೆಲಸದ ವೇಳೆ ಬದಲಿಸಿಕೊಂಡು ಅವಳನ್ನು ಬಸ್ಸಿನಲ್ಲಿ ಬಿಟ್ಟು ಬರುತ್ತಾರೆ.

ಹೊಂದಿಕೊಳ್ಳಲು ಕಷ್ಟವಾಯಿತು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಮೊದಲ ವಾರ ಬಾಗಿಲಲ್ಲಿ ನನ್ನ ಸೆರಗಿಲ್ಲದ ಕೋಟಿನ ತೋಳನ್ನೇ ಹಿಡಿದು ಅತ್ತಳು. ಅತ್ತೆಯವರು ಹೇಳಿದ್ದು ಈ ಮಟ್ಟಿಗೆ ನಿಜವೇ. ಅವರು ಮೊದಮೊದಲು ಒಂದೊಂದೇ ಗಂಟೆ ಇರಿಸಿಕೊಂಡು, ನನ್ನನ್ನೂ ಪಕ್ಕದಲ್ಲಿ ಕೂರಲು ಬಿಟ್ಟರು. ಈಗ ಅವಳೇ ಚೀಲ ಹೆಗಲಿಗೆ ಹಾಕಿಕೊಂಡು ನಡೆಯುತ್ತಾಳೆ. ಮನೆಗೆ ಬಂದು ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ ಎಣಿಸುತ್ತಾಳೆ.

ನಿಮ್ಮಿಂದ ಒಂದು ಉಪಕಾರವಾಗಬೇಕು. ಪ್ರತಿ ಮಗುವಿನ ಮನೆಯವರ ಫೋಟೋಗಳನ್ನು ಅವರು ಗೋಡೆಯಲ್ಲಿ ಮಗುವಿನ ಎತ್ತರಕ್ಕೆ ಅಂಟಿಸುತ್ತಾರೆ. ನೀವಿಬ್ಬರೂ ಹಿತ್ತಿಲಿನಲ್ಲಿ ಜೊತೆಯಾಗಿ ನಿಂತ ಒಂದು ಫೋಟೋವನ್ನು ಮೈದುನನ ಕೈಲಿ ತೆಗೆಸಿ ಈ ವಾರದೊಳಗೆ ವಾಟ್ಸಾಪ್ ಮಾಡಿಸಿ; ನಾವು ಇಲ್ಲಿ ಪ್ರಿಂಟ್ ಹಾಕಿಸಿ ಕೊಡುತ್ತೇವೆ. ಇನ್ನೂ ಏನಾದರೂ ಕೇಳುವುದಿದ್ದರೆ ಭಾನುವಾರ ಪುಟ್ಟಿ ಮಲಗಿದ ಮೇಲೆ ನಾನೇ ಕರೆ ಮಾಡುತ್ತೇನೆ.

ಮನೆಯಲ್ಲಿ ಹಿರಿಯರೆಲ್ಲರಿಗೂ ನಮ್ಮ ನಮಸ್ಕಾರಗಳನ್ನು, ಮಕ್ಕಳಿಗೆ ಆಶೀರ್ವಾದಗಳನ್ನು ತಿಳಿಸಿ.

ಇತಿ,
ನಿಮ್ಮ ಸೊಸೆ